ಮಕ್ಕಳನ್ನು ಸಮುದ್ರಕ್ಕೆ ಬೆಳಿಗ್ಗೆ ಕರೆತನ್ನಿ

ಸಂಪಾದಕರಿಗೆ ನಮಸ್ಕಾರ.

ನಾನು ಕುಮಟಾದವನು. ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷ ನಡೆದರೆ ಸಾಕು. ನವೆಂಬರ್ ಬಂತೆಂದರೆ ನಮ್ಮ ಹೆದ್ದಾರಿಯಲ್ಲಿ ಶಾಲಾ ಪ್ರವಾಸದ ಬಸ್ಸುಗಳ ಸಾಲು ಶುರುವಾಗುತ್ತದೆ. ಕೋಲಾರ, ತುಮಕೂರು, ಬಳ್ಳಾರಿ, ರಾಯಚೂರು, ಎಲ್ಲಾ ಕಡೆಯಿಂದ ಬರುತ್ತಾರೆ. ಬರಲಿ, ನಮಗೂ ಖುಷಿಯೇ. ಆದರೆ ಆ ಮಕ್ಕಳು ಸಮುದ್ರದ ಹತ್ತಿರ ಬಂದು ಇಳಿಯುವ ಹೊತ್ತು ಸರಿಯಿಲ್ಲ. ಅದನ್ನು ಹೇಳಬೇಕು ಅಂತಲೇ ಈ ಪತ್ರ.

ಹೋದ ಚಳಿಗಾಲದಲ್ಲಿ ನೆಂಟರನ್ನು ಕರೆದುಕೊಂಡು ಯಾಣಕ್ಕೆ ಹೋಗಿದ್ದೆ. ಅಲ್ಲಿ ಒಂದು ಬಸ್ಸಿನ ಮಕ್ಕಳು ಸಿಕ್ಕರು. ಭೈರವೇಶ್ವರ ಶಿಖರ 120 ಮೀಟರ್ ಎತ್ತರದ ಕಪ್ಪು ಕಲ್ಲು. ಗುಹೆಯೊಳಗೆ ನಿಂತು ತಲೆ ಎತ್ತಿದರೆ ಬಂಡೆಯ ಸಂದಿನಲ್ಲಿ ಆಕಾಶ ಒಂದು ಚೂರು ಕಾಣುತ್ತದೆ. ಅಂಥ ಜಾಗದಲ್ಲಿ ನಿಂತು ಒಬ್ಬ ಹುಡುಗ ಕೇಳಿದ, 'ಸಾರ್, ಸಮುದ್ರ ಎಷ್ಟೊತ್ತಿಗೆ ಸಾರ್?' ಮೇಷ್ಟ್ರು ಹೇಳಿದರು, 'ಕೊನೆಗೆ ಕಣೋ, ಎಲ್ಲಾ ಮುಗಿದ ಮೇಲೆ.' ಪಾಪ, ಆ ಮೇಷ್ಟ್ರ ಮುಖದಲ್ಲೂ ಸುಸ್ತು. ರಾತ್ರಿಯಿಡೀ ಬಸ್ಸಿನಲ್ಲಿ ಬಂದವರು, ಇನ್ನೂ ಗೋಕರ್ಣ ಆಗಬೇಕು, ಮಿರ್ಜಾನ್ ಕೋಟೆ ಆಗಬೇಕು, ಆಮೇಲೆ ಮುರುಡೇಶ್ವರ.

ಈ 'ಕೊನೆಗೆ' ಅನ್ನುವುದೇ ನನ್ನ ಚಿಂತೆ. ಕೊನೆಗೆ ಅಂದರೆ ಸಂಜೆ ಐದೂವರೆ. ಆರಕ್ಕೆಲ್ಲ ಹೊತ್ತು ಮುಳುಗುತ್ತದೆ. ಬೆಳಿಗ್ಗೆಯಿಂದ ಕಾದ ಮಕ್ಕಳು, ಹುಟ್ಟಿದ್ದಾಗಿನಿಂದ ಸಮುದ್ರ ನೋಡದ ಮಕ್ಕಳು, ಬಸ್ಸಿನ ಬಾಗಿಲು ತೆಗೆದ ಕೂಡಲೇ ಓಡುತ್ತಾರೆ. ಅವರನ್ನು ಬೈದು ಏನು ಪ್ರಯೋಜನ, ಆ ವಯಸ್ಸಿನಲ್ಲಿ ನಾವಾಗಿದ್ದರೂ ಓಡುತ್ತಿದ್ದೆವು ಅಲ್ವಾ? ಬೆಳಕು ಕಡಿಮೆ, ಎಣಿಸುವುದಕ್ಕೂ ಆಗುವುದಿಲ್ಲ, ಚೂಡಿದಾರ ಪ್ಯಾಂಟು ಎಲ್ಲ ನೆನೆದು ಭಾರ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ಕು ಹೆಣ್ಣುಮಕ್ಕಳು ನೀರುಪಾಲಾದರು. ಆ ಸುದ್ದಿ ಕೇಳಿದ ದಿನ ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಬಯಲುಸೀಮೆಯವರಿಗೆ ಕೆರೆ ಗೊತ್ತು, ಬಾವಿ ಗೊತ್ತು. ಸಮುದ್ರದ ಸೆಳೆತ ಬೇರೆಯೇ. ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲೇಬೇಕಲ್ಲ, ಅದು ಮರಳಿನ ದಿಬ್ಬಗಳ ನಡುವೆ ಸಂದು ಹುಡುಕಿಕೊಂಡು ಅಲ್ಲಿಂದ ಜೋರಾಗಿ ಒಳಕ್ಕೆ ಹೋಗುತ್ತದೆ. ಆ ಜಾಗದಲ್ಲಿ ಅಲೆ ಹೆಚ್ಚು ಒಡೆಯುವುದಿಲ್ಲ. ನೋಡುವುದಕ್ಕೆ ಶಾಂತವಾಗಿ ಇರುತ್ತದೆ. ಗೊತ್ತಿಲ್ಲದವರು ಇಲ್ಲಿ ಅಲೆ ಕಮ್ಮಿ, ಇಲ್ಲೇ ಇಳಿಯೋಣ ಅಂತ ಸರಿಯಾಗಿ ಅದೇ ಜಾಗ ಆರಿಸುತ್ತಾರೆ. ಸಿಕ್ಕಿಬಿದ್ದ ಮೇಲೆ ದಡದ ಕಡೆಗೇ ಈಜಿ ಈಜಿ ಸೋಲುತ್ತಾರೆ. ದಡದ ಉದ್ದಕ್ಕೆ ಅಡ್ಡಡ್ಡ ಈಜಿದರೆ ಆ ಸೆಳೆತದಿಂದ ಹೊರಗೆ ಬರಬಹುದು, ಈಜು ಬಾರದಿದ್ದರೆ ಒದ್ದಾಡದೆ ತೇಲಿಕೊಂಡು ಕೈ ಎತ್ತಿ ಕೂಗಬೇಕು. ಇಷ್ಟನ್ನು ಹೊರಡುವ ಮುಂಚೆ ತರಗತಿಯಲ್ಲಿ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳುವುದಕ್ಕೆ ಹತ್ತು ನಿಮಿಷ ಬೇಕು, ಜಾಸ್ತಿ ಬೇಡ.

ಇನ್ನು ಹೊತ್ತಿನ ವಿಷಯ. ಬೆಳಿಗ್ಗೆ ಎಂಟಕ್ಕೋ ಒಂಬತ್ತಕ್ಕೋ ಮೊದಲು ಸಮುದ್ರಕ್ಕೆ ಬನ್ನಿ. ಜೀವರಕ್ಷಕರು ಇರುವ ಬೀಚನ್ನೇ ಆರಿಸಿ, ಬಂದ ಕೂಡಲೇ ಅವರನ್ನು ಮಾತಾಡಿಸಿ, ಎಲ್ಲಿ ಇಳಿಯಬಹುದು ಅಂತ ಕೇಳಿ. ಮಕ್ಕಳ ಆಸೆ ತೀರಲಿ, ಮೊಣಕಾಲು ನೀರಿನಲ್ಲೇ ಎಷ್ಟು ಬೇಕಾದರೂ ಆಡಲಿ. ಆಮೇಲೆ ಗುಹೆ, ಕೋಟೆ, ಮ್ಯೂಸಿಯಂ ಏನಿದ್ದರೂ ಸಮಾಧಾನದಿಂದ ನೋಡುತ್ತಾರೆ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿರುವ ಚಪಲ್ ಯುದ್ಧನೌಕೆ ಮಧ್ಯಾಹ್ನಕ್ಕೆ ಹೇಳಿ ಮಾಡಿಸಿದ ಜಾಗ. ಹಡಗಿನ ಒಳಗೇ ಹೋಗಿ ನೋಡಬಹುದು, ಪಕ್ಕದಲ್ಲಿ ನೌಕಾಪಡೆಯ ಹಳೆಯ ಟುಪೊಲೆವ್ ವಿಮಾನವೂ ಇದೆ. ತೆರೆದಿರುವ ಸಮಯ ಮುಂಚೆಯೇ ಕೇಳಿಕೊಳ್ಳಿ. ಒಂದು ದಿನಕ್ಕೆ ಐದು ಜಾಗದ ಬದಲು ಮೂರೇ ಇಟ್ಟುಕೊಂಡರೆ ಏನೂ ಕಳೆದುಕೊಳ್ಳುವುದಿಲ್ಲ.

ಹಾಗೆಯೇ ಕುಮಟಾದಿಂದ ಗೋಕರ್ಣಕ್ಕೆ ದಡದ ಮೇಲೇ ನಡೆದು ಹೋಗುವ ಯುವಕರ ಬಗ್ಗೆಯೂ ಒಂದು ಮಾತು. ಬಾಡ ದಾಟಿ, ಅಘನಾಶಿನಿಯಲ್ಲಿ ದೋಣಿ ಹತ್ತಿ ತದಡಿಗೆ ಇಳಿದು, ಆಮೇಲೆ ಬೆಲೆಕಾನ, ಹಾಫ್ ಮೂನ್, ಓಂ ಬೀಚ್, ಕುಡ್ಲೆ. ಇಷ್ಟು ಚೆಂದದ ದಾರಿ ಇನ್ನೊಂದಿಲ್ಲ ಅಂತಲೇ ನನಗನ್ನಿಸುತ್ತದೆ. ಆದರೆ ಉಬ್ಬರ ಇದ್ದಾಗ ಕೆಲವು ಕಡೆ ಬಂಡೆಯ ಬುಡದಲ್ಲಿ ದಾರಿಯೇ ಇರುವುದಿಲ್ಲ. ಅಘನಾಶಿನಿ ಹೊಳೆಯಲ್ಲಿ ಬಳಚು, ಅಂದರೆ ಚಿಪ್ಪುಮೀನು, ಆರಿಸುವ ಹೆಂಗಸರಿಗೆ ಉಬ್ಬರ ಇಳಿತದ ಹೊತ್ತು ಬಾಯಿಪಾಠ. ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ ಅದು. ಬೆಂಗಳೂರಿನಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು? ದೋಣಿ ಹತ್ತುವ ಜಾಗದಲ್ಲಿ, ಬೀಚುಗಳಲ್ಲಿ ಒಂದೊಂದು ಕಪ್ಪು ಹಲಗೆ ಇಟ್ಟು, ಇವತ್ತಿನ ಉಬ್ಬರ ಎಷ್ಟೊತ್ತಿಗೆ, ಕೊನೆಯ ದೋಣಿ ಎಷ್ಟೊತ್ತಿಗೆ ಅಂತ ದಿನಾ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಕನ್ನಡದಲ್ಲಿ ಬರೆಯಲಿ. ಹೊನ್ನಾವರದ ಕಾಸರಕೋಡು ಬೀಚಿಗೆ 2020ರಲ್ಲಿ, ಸ್ವಚ್ಛ ಸುರಕ್ಷಿತ ಕಡಲತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಅನ್ನುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ಆ ಮನ್ನಣೆ ಸಿಗಬೇಕಾದರೆ ಜೀವರಕ್ಷಕರು, ಪ್ರಥಮ ಚಿಕಿತ್ಸೆ, ಮಾಹಿತಿ ಫಲಕ ಎಲ್ಲಾ ಇರಬೇಕು. ಒಂದು ಕಡೆ ಆಗಿದ್ದು ನಮ್ಮ ಜಿಲ್ಲೆಯ ಬೇರೆ ದಡಗಳಲ್ಲಿ ಯಾಕೆ ಆಗಬಾರದು? ಜಿಲ್ಲಾಡಳಿತ ಈ ನವೆಂಬರ್ ಒಳಗೆ ಹಲಗೆಯನ್ನಾದರೂ ಇಡಿಸಲಿ.

ಶಾಲೆಗಳಲ್ಲಿ ಪ್ರವಾಸದ ಪಟ್ಟಿ ತಯಾರಾಗುವ ಸಮಯ ಇದು. ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಕೈ ಮುಗಿದು ಕೇಳುತ್ತೇನೆ. ಆ ಹಾಳೆಯ ಕೊನೆಯ ಸಾಲಿನಲ್ಲಿ ಸಮುದ್ರ ಅಂತ ಬರೆದಿದ್ದರೆ, ದಯವಿಟ್ಟು ಅದನ್ನು ಮೊದಲ ಸಾಲಿಗೆ ತನ್ನಿ.

– ಒಬ್ಬ ಓದುಗ, ಕುಮಟಾ