ಕಾರು ತೊಳೆಯಲು ಎರಡು ಬಕೆಟ್ ನೀರು ಸಾಕು

ಮಾನ್ಯ ಸಂಪಾದಕರೇ, ನಮಸ್ಕಾರ.

ನಮ್ಮ ಓಣಿಯಲ್ಲಿ ನಳಕ್ಕೆ ನೀರು ಬರುವ ದಿನ ಬೆಳಿಗ್ಗೆ ಬಂದು ನೋಡಬೇಕು. ಒಂದು ಕಡೆ ಹೆಣ್ಣುಮಕ್ಕಳು ಬ್ಯಾರಲ್, ಕೊಡ, ಬಕೆಟ್ ಎಲ್ಲ ತುಂಬಿಸುವ ಗಡಿಬಿಡಿಯಲ್ಲಿರುತ್ತಾರೆ, ಇನ್ನೊಂದು ಕಡೆ ಅದೇ ಮನೆಯ ಗಂಡಸರು ಪೈಪು ಹಿಡಿದು ಕಾರು ತೊಳೆಯುತ್ತಿರುತ್ತಾರೆ. ಪೈಪು ನೆಲಕ್ಕೆ ಬಿಟ್ಟು ಸೋಪು ಹಚ್ಚುತ್ತಾರೆ, ನಡುವೆ ಫೋನ್ ಬಂದರೆ ಮಾತಾಡುತ್ತಾರೆ, ನೀರು ಗಟಾರಕ್ಕೆ ಹೋಗುತ್ತಲೇ ಇರುತ್ತದೆ. ನಾನೂ ನಾಲ್ಕೈದು ವರ್ಷ ಹೀಗೇ ಮಾಡಿದ್ದೇನೆ. ಹಾಗಾಗಿ ಯಾರನ್ನೂ ಬೈಯಲು ಈ ಪತ್ರ ಬರೆಯುತ್ತಿಲ್ಲ.

ಒಂದು ಸಲ ಸುಮ್ನೆ ಲೆಕ್ಕ ಹಾಕಿದೆ. ನಮ್ಮ ಮನೆ ಪೈಪಿಗೆ 15 ಲೀಟರಿನ ಬಕೆಟ್ ತುಂಬಲು ಒಂದು ನಿಮಿಷ ಹಿಡಿಯಿತು. ನಾನು ಕಾರು ತೊಳೆಯುವಾಗ ಪೈಪು 20 ನಿಮಿಷ ಹರಿಯುತ್ತಿತ್ತು. ಅಂದರೆ 300 ಲೀಟರ್. ಅಷ್ಟು ನೀರಿನಲ್ಲಿ ನಮ್ಮ ಮನೆಯ ಎರಡು ದಿನದ ಕೆಲಸ ಆಗುತ್ತಿತ್ತು! ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಕಾವೇರಿ ನೀರು ಕುಡಿಯುವ ಊರಿಗೇ ಆ ಗತಿ ಬಂತು. ನಮ್ಮ ವಿಜಯಪುರ ಎಂಥ ಊರು? ತೊರವಿ ಕಡೆಯಿಂದ ನೆಲದೊಳಗೆ ಕಾಲುವೆ ತೋಡಿ ಆದಿಲ್‌ಶಾಹಿಗಳು ಊರೊಳಗೆ ನೀರು ತಂದರು, ತಾಜ್ ಬಾವಡಿಯಂಥ ದೊಡ್ಡ ಬಾವಿ ಕಟ್ಟಿಸಿದರು. ಅಷ್ಟು ಕಷ್ಟಪಟ್ಟು ನೀರು ಕಂಡ ಊರು ಇದು. ದಂಡ ಹಾಕುವ ತನಕ ನಾವು ಯಾಕೆ ಕಾಯಬೇಕು?

ಈಗ ನಾನು 40 ಲೀಟರಿನಲ್ಲಿ ಕಾರು ತೊಳೆಯುತ್ತೇನೆ, ಮೊದಲಿಗಿಂತ ಚೆನ್ನಾಗಿಯೇ ತೊಳೆಯುತ್ತೇನೆ. ಎರಡು ಬಕೆಟ್ ಮತ್ತು ಗಿಡಗಳಿಗೆ ಔಷಧಿ ಹೊಡೆಯುತ್ತಾರಲ್ಲ, ಆ ತರಹದ 5 ಲೀಟರಿನ ಕೈಪಂಪು, ಇಷ್ಟೇ ಸಾಮಾನು. ಪಂಪು ಮಾತ್ರ ಹೊಸದೇ ತನ್ನಿ, ಹೊಲದಲ್ಲಿ ಔಷಧಿ ಹೊಡೆದ ಪಂಪು ಮನೆ ಅಂಗಳಕ್ಕೆ ಬೇಡ. ಮೊದಲು ಪಂಪಿನಿಂದ ಕಾರಿನ ಮೇಲೆಲ್ಲ ನೀರು ಸಿಂಪಡಿಸಿ ಧೂಳು ನೆನೆಸಿ ಇಳಿಸಬೇಕು. ಇದೇ ಮುಖ್ಯ ಕೆಲಸ, ಇದನ್ನೇ ಎಲ್ಲರೂ ಬಿಡುತ್ತಾರೆ. ನಮ್ಮ ಧೂಳಿನಲ್ಲಿ ಎರೆ ಮಣ್ಣಿನ ಜೊತೆ ಕಲ್ಲಿನ ಪುಡಿಯೂ ಇರುತ್ತದೆ. ಅದರ ಮೇಲೆ ಒಣ ಅರಿವೆ ಆಡಿಸಿದರೆ ಪಾಲಿಶ್ ಪೇಪರ್ ಉಜ್ಜಿದ ಹಾಗೇ. ಕಾರಿನ ಬಣ್ಣದ ಮೇಲೆ ಹೊಳಪಿಗೆ ಅಂತ ಒಂದು ಪಾರದರ್ಶಕ ಪದರ ಇರುತ್ತದೆ, ಕ್ಲಿಯರ್ ಕೋಟ್ ಎನ್ನುತ್ತಾರೆ, ಅದು ತಲೆಗೂದಲಿಗಿಂತ ತೆಳ್ಳಗಿರುತ್ತದೆ. ದಿನಾ ಬೆಳಿಗ್ಗೆ ಹಳೇ ಬನಿಯನ್ನಿನಿಂದ ಧೂಳು ಝಾಡಿಸುವವರು ತಮ್ಮ ಕಾರನ್ನು ಬಿಸಿಲಿಗೆ ನಿಲ್ಲಿಸಿ ಬಾನೆಟ್ ಮೇಲೆ ಓರೆಯಾಗಿ ನೋಡಲಿ, ಜೇಡರ ಬಲೆಯ ಹಾಗೆ ಗೀರುಗಳು ಕಾಣುತ್ತವೆ.

ಧೂಳು ಇಳಿದ ಮೇಲೆ ಒಂದು ಬಕೆಟ್ಟಿನಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಶಾಂಪೂ ನೀರಿನಲ್ಲಿ ಮೈಕ್ರೋಫೈಬರ್ ಅರಿವೆ ಅದ್ದಿ ಟಾಪಿನಿಂದ ಶುರು ಮಾಡಿ ಕೆಳಗೆ ಬರಬೇಕು. ಒಂದು ಬಾಗಿಲು ಮುಗಿದ ತಕ್ಷಣ ಅರಿವೆಯನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಹಿಂಡಿ, ಮತ್ತೆ ಶಾಂಪೂಗೆ. ತೊಳೆದು ಮುಗಿದಾಗ ಆ ಎರಡನೇ ಬಕೆಟ್ಟಿನ ತಳದಲ್ಲಿ ಎಷ್ಟು ಕೆಸರು ಕೂತಿರುತ್ತದೆ ನೋಡಿ. ಒಂದೇ ಬಕೆಟ್ ಇದ್ದಿದ್ದರೆ ಅಷ್ಟೂ ಕಾರಿನ ಮೈಗೇ ಮತ್ತೆ ಉಜ್ಜುತ್ತಿದ್ದೆವು, ಅಲ್ವಾ? ಬಾಗಿಲಿನ ಕೆಳಭಾಗ, ಬಂಪರ್ ಕೊನೆಗೆ. ಚಕ್ರಕ್ಕೆ ಬೇರೆ ಅರಿವೆ. ಬಟ್ಟೆ ಒಗೆಯುವ ಪುಡಿ ಮಾತ್ರ ಹಾಕಬೇಡಿ, ಅದು ಬಣ್ಣ ಕಾಯಲು ಮೇಲೆ ಹಚ್ಚಿದ ವ್ಯಾಕ್ಸನ್ನು (ಮೇಣವನ್ನು) ಕಿತ್ತು ತೆಗೆಯುತ್ತದೆ, ಆಮೇಲೆ ನಮ್ಮ ಬಿಸಿಲು ನೇರ ಬಣ್ಣಕ್ಕೇ ಹೊಡೆಯುತ್ತದೆ. ಕೊನೆಗೆ ಪಂಪಿನಲ್ಲಿ ಇನ್ನೊಮ್ಮೆ ನೀರು ತುಂಬಿಸಿ ಶಾಂಪೂ ಇಳಿಸಿದರೆ ಆಯಿತು. ಎರಡು ಬಕೆಟ್ಟಿನ 30, ಪಂಪಿನ 10, ಒಟ್ಟು 40 ಲೀಟರ್.

ಬೋರಿನ ನೀರು ಬಳಸುವವರಿಗೆ ಇನ್ನೊಂದು ಮಾತು. ಸವಳು ನೀರು ಬಿಸಿಲಿನಲ್ಲಿ ತಾನಾಗಿ ಆರಿದರೆ ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಲ್ಲೇ ಬಿಳಿ ಕಲೆಯಾಗಿ ಕೂತುಬಿಡುತ್ತದೆ. ಬೆಳಿಗ್ಗೆ ಏಳರೊಳಗೆ ಇಲ್ಲವೇ ಸಂಜೆ ಬಾನೆಟ್ ತಣ್ಣಗಾದ ಮೇಲೆ ನೆರಳಿನಲ್ಲಿ ತೊಳೆಯಿರಿ, ತೊಳೆದ ಕೂಡಲೇ ಒಣ ಮೈಕ್ರೋಫೈಬರ್‌ನಿಂದ ಒರೆಸಿ. ಗಾಜಿನ ಮೇಲೆ ಈಗಾಗಲೇ ಕಲೆ ಕೂತಿದ್ದರೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿ ತೊಳೆದರೆ ಬಹಳಷ್ಟು ಹೋಗುತ್ತದೆ. ಹಕ್ಕಿ ಹಿಕ್ಕೆ ಬಿದ್ದರೆ ಭಾನುವಾರದ ತನಕ ಬಿಡಬೇಡಿ. ಹಸಿ ಅರಿವೆಯನ್ನು ಅದರ ಮೇಲೆ ಐದು ನಿಮಿಷ ಹಾಸಿ, ನೆನೆದ ಮೇಲೆ ಎತ್ತಿ ತೆಗೆಯಿರಿ. ಏಪ್ರಿಲ್, ಮೇ ತಿಂಗಳ ಜಳದಲ್ಲಿ ಅದು ಒಂದೆರಡು ದಿನದಲ್ಲೇ ಬಣ್ಣಕ್ಕೆ ಅಚ್ಚು ಹೊಡೆಯುತ್ತದೆ.

ಇದೇ ಸವಳು ನೀರು ನನಗೆ ದೊಡ್ಡ ಪಾಠ ಕಲಿಸಿದ್ದು ಬಾನೆಟ್ ಒಳಗೆ. ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಅತ್ತೆಯವರನ್ನು ಕರೆದುಕೊಂಡು ಬಾಗಲಕೋಟೆಗೆ ಹೊರಟಿದ್ದೆವು. ಕೊಲ್ಹಾರ ಇನ್ನೂ ಬಂದಿರಲಿಲ್ಲ, ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಪುಣ್ಯಕ್ಕೆ ತಕ್ಷಣ ಬದಿಗೆ ನಿಲ್ಲಿಸಿದೆ. ವಯಸ್ಸಾದವರು ಆ ಬಿಸಿಲಿನಲ್ಲಿ ಒಂದೂವರೆ ತಾಸು ಬೇವಿನ ಗಿಡದ ಕೆಳಗೆ ಕೂರಬೇಕಾಯಿತು, ಅದು ನೆನಪಾದರೆ ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಮಿಸ್ತ್ರಿ ಬಂದು ಇಂಜಿನ್ ತಂಪು ಮಾಡುವ ರೇಡಿಯೇಟರ್ ಬಿಚ್ಚಿ ತೋರಿಸಿದರು, ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದಲ್ಲ, ಒಳಗೆ ಹಾಗೇ ಕಟ್ಟಿತ್ತು. ಅದರಲ್ಲಿ ಹಾಕುವ ದ್ರವ, ಅಂದರೆ ಕೂಲಂಟ್, ಕಡಿಮೆಯಾದಾಗಲೆಲ್ಲ ನಾನು ಒಂದು ತಂಬಿಗೆ ಬೋರಿನ ನೀರು ಹಾಕುತ್ತಿದ್ದೆ. ನೀರು ನೀರೇ ತಾನೇ ಅಂದುಕೊಂಡಿದ್ದೆ. ಕೂಲಂಟ್ ಬರೀ ತಂಪು ಮಾಡಲು ಇರುವುದಲ್ಲ, ಅದು ಕುದಿಯುವ ಮಟ್ಟವನ್ನು ಮೇಲಕ್ಕೆ ಒಯ್ಯುತ್ತದೆ, ಒಳಗೆ ತುಕ್ಕು ಹಿಡಿಯದಂತೆ ಕಾಯುತ್ತದೆ. ಕಂಪನಿ ಹೇಳಿದ ಕೂಲಂಟನ್ನೇ ಹಾಕಿ, ನೀರು ಬೆರೆಸಬೇಕಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ಬೆರೆಸಿ. ಇಂಜಿನ್ ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಬೇಡಿ, ಒಳಗೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಚಿಮ್ಮುತ್ತದೆ.

ಈಗ ಪ್ರತಿ ಭಾನುವಾರ ಹತ್ತು ನಿಮಿಷ ಬಾನೆಟ್ ಎತ್ತಿ ನೋಡುತ್ತೇನೆ. ಸಮತಟ್ಟು ನೆಲದಲ್ಲಿ ಕಾರು ನಿಲ್ಲಿಸಿ, ಇಂಜಿನ್ ಬಂದ್ ಮಾಡಿ ಹತ್ತು ನಿಮಿಷ ಬಿಟ್ಟು ಕಡ್ಡಿ ಎಳೆದು ಆಯಿಲ್ ನೋಡುವುದು, ಕೂಲಂಟ್ ಗೆರೆ ನೋಡುವುದು, ಬ್ರೇಕ್ ಆಯಿಲ್ ನೋಡುವುದು. ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಮೊದಲು ಮೈನಸ್ ವೈರ್ ಬಿಚ್ಚಿ, ಆಮೇಲೆ ಪ್ಲಸ್, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ, ಒಣಗಿಸಿ. ಜೋಡಿಸುವಾಗ ಮೈನಸ್ ಕೊನೆಗೆ.

ಹವಾದ ಬಗ್ಗೆ ನಮ್ಮಲ್ಲಿ ಒಂದು ತಪ್ಪು ನಂಬಿಕೆ ಇದೆ, ಅದನ್ನು ಬರೆಯಲೇಬೇಕು. ಬ್ಯಾಸಿಗೆಯಲ್ಲಿ ಟೈರ್ ಒಡೆಯುತ್ತದೆ ಎಂದು ಹವಾ ಕಡಿಮೆ ಇಡುತ್ತಾರೆ. ಇದು ಉಲ್ಟಾ. ಹವಾ ಕಡಿಮೆಯಾದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಜಾಸ್ತಿ ಬಾಗುತ್ತದೆ, ಬಾಗಿದಷ್ಟೂ ಬಿಸಿಯಾಗುತ್ತದೆ, ಸೊಲ್ಲಾಪುರ ರಸ್ತೆಯಲ್ಲಿ ನೂರರ ವೇಗದಲ್ಲಿ ಹೋಗುವಾಗ ಒಡೆಯುವುದು ಇಂಥ ಟೈರೇ. ಡ್ರೈವರ್ ಬಾಗಿಲು ತೆರೆದರೆ ಸಾಮಾನ್ಯವಾಗಿ ಅಲ್ಲೇ ಒಂದು ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬರೆದಷ್ಟು ಹವಾ ಇರಬೇಕು, ಅದೂ ಟೈರ್ ತಣ್ಣಗಿರುವಾಗ ನೋಡಿದ ಲೆಕ್ಕ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಯ ಒಂದು ಸಂಖ್ಯೆಯೂ ಇರುತ್ತದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದು ಅರ್ಥ. ಹಳೇ ಕಾರು ಕೊಳ್ಳುವವರು ಕಿಲೋಮೀಟರ್ ಜೊತೆ ಇದನ್ನೂ ನೋಡಿ.

ಇನ್ನು ನಮ್ಮ ಜಿಲ್ಲೆಯವರು ಬಿಟ್ಟರೆ ಬೇರೆ ಯಾರೂ ಹೇಳಿಕೊಡದ ಒಂದು ಕೆಲಸ. ನಾನು ತಿಂಗಳಿಗೆ ಎರಡು ಸಲ ಇಂಡಿ ಕಡೆ ನಮ್ಮ ಹಳ್ಳಿಗೆ ಹೋಗುತ್ತೇನೆ. ಸುಗ್ಗಿಯಲ್ಲಿ ರೈತರು ರಸ್ತೆ ಮೇಲೇ ರಾಶಿ ಹಾಕುತ್ತಾರೆ, ಹುರುಳಿ, ಕಡಲೆ, ತೊಗರಿ ಹರಡಿರುತ್ತಾರೆ, ಗಾಡಿಗಳು ಅದರ ಮೇಲೇ ಹೋಗುತ್ತವೆ. ಕಣ ಮಾಡಲು ಜಾಗ ಇಲ್ಲದ ರೈತನ ಕಷ್ಟ ನನಗೆ ಗೊತ್ತು, ನಮ್ಮಪ್ಪನೂ ಹಾಗೇ ಮಾಡಿದವರು. ಆದರೆ ಆ ಒಣ ಹೊಟ್ಟು, ಬಳ್ಳಿ ಕಾರಿನ ಕೆಳಗೆ ಆಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರ್ ಪೈಪಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಆ ಪೈಪು ಬೆಂಕಿಯ ಹಾಗೆ ಕಾದಿರುತ್ತದೆ, ಒಣ ಬಳ್ಳಿ ಹತ್ತಿಕೊಳ್ಳಲು ಎಷ್ಟು ಹೊತ್ತು ಬೇಕು? ಸಾಧ್ಯವಾದರೆ ರಾಶಿ ತಪ್ಪಿಸಿ ಹೋಗಿ. ಆಗದಿದ್ದರೆ ದಾಟಿದ ಮೇಲೆ ಸ್ವಲ್ಪ ಮುಂದೆ ನಿಲ್ಲಿಸಿ, ಇಳಿದು, ಬಗ್ಗಿ ನೋಡಿ. ಸುಟ್ಟ ವಾಸನೆ ಬಂದರೆ ಎಲ್ಲರನ್ನೂ ಮೊದಲು ಕೆಳಗಿಳಿಸಿ. ಮನೆಗೆ ಬಂದು ಇಂಜಿನ್ ತಣ್ಣಗಾದ ಮೇಲೆ ಟಾರ್ಚ್ ಹಿಡಿದು ಉಳಿದದ್ದನ್ನು ಕೈಯಿಂದ ಬಿಡಿಸಿ ತೆಗೆಯಿರಿ. ಅದೇ ಹೊಟ್ಟು ಇಂಜಿನ್ನಿನ ಏರ್ ಫಿಲ್ಟರಿನಲ್ಲೂ ಇರುತ್ತದೆ. ಏಸಿ ಫಿಲ್ಟರ್ ಅಂತೂ ಬಹಳಷ್ಟು ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆಯೇ ಇರುತ್ತದೆ, ಕೈಯಿಂದಲೇ ತೆಗೆದು ಹಾಕಬಹುದು. ನನ್ನದನ್ನು ಮೊದಲ ಸಲ ತೆಗೆದಾಗ ಒಂದು ಹಿಡಿ ಎರೆ ಮಣ್ಣು ಉದುರಿತು. ಆ ಗಾಳಿಯನ್ನೇ ಮಕ್ಕಳು ಉಸಿರಾಡುತ್ತಿದ್ದರು.

ಮಳೆಗಾಲದಲ್ಲಿ ಇದೇ ಎರೆ ಮಣ್ಣು ಚಕ್ರದ ಮೇಲಿನ ಕಮಾನಿನೊಳಗೆ ಅಂಟಿ ವಾರಗಟ್ಟಲೆ ಹಸಿಯಾಗೇ ಇರುತ್ತದೆ, ತುಕ್ಕು ಶುರುವಾಗುವುದು ಅಲ್ಲಿಂದಲೇ. ಕಟ್ಟಿಗೆ ತುಂಡಿನಿಂದ ಕೆರೆದು ತೆಗೆದು ಪಂಪಿನಿಂದ ತೊಳೆದರೆ ಸಾಕು. ತುಕ್ಕು ಹಿಡಿಯಲ್ಲ ಎಂದು ಒಂದು ವಾಷಿಂಗ್ ಸೆಂಟರ್‌ನಲ್ಲಿ ನನ್ನ ಕಾರಿಗೆ ಕೆಳಗಿನಿಂದ ಡೀಸೆಲ್ ಹೊಡೆದು ಕೊಟ್ಟರು. ಡೀಸೆಲ್ ತಾಗಿದರೆ ಕೆಳಗಿನ ಜೋಡಣೆಗಳಲ್ಲಿರುವ ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ, ಮೇಲಾಗಿ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಬೇಡ ಎಂದು ಮೊದಲೇ ಹೇಳಿ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ನಾನು ಹೇಳುವುದಿಲ್ಲ. ಬ್ರೇಕ್, ಸ್ಟೀರಿಂಗ್, ಏರ್‌ಬ್ಯಾಗ್ ಕೆಲಸ ಮಿಸ್ತ್ರಿಗೇ ಬಿಡಿ. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬೇಡಿ, ಜ್ಯಾಕ್ ಸರಿದರೆ ಜೀವ ಹೋಗುತ್ತದೆ. ಆಯಿಲ್ ನೀವೇ ಬದಲಿಸಿದರೆ ಹಳೇ ಆಯಿಲ್ ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಕೊಡಿ.

ಕೊನೆಗೆ ಈ ಪತ್ರ ಬರೆಯಲು ಕೂತ ಕಾರಣ. ಇದರಲ್ಲಿ ಅರ್ಧ ವಿಷಯ ನನ್ನ ಕಾರಿನ ಜೊತೆ ಬಂದ ಪುಸ್ತಕದಲ್ಲೇ ಇತ್ತು. ಯಾವ ಕೂಲಂಟ್, ಎಷ್ಟು ಹವಾ, ಫಿಲ್ಟರ್ ತೆಗೆಯುವುದು ಹೇಗೆ, ಎಲ್ಲ ಚಿತ್ರ ಸಮೇತ. ಆದರೆ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ. ನಾನು ಹೇಗೋ ಓದಿಕೊಂಡೆ. ನಮ್ಮ ಓಣಿಯಲ್ಲಿ ಕಾರು ಓಡಿಸಿಯೇ ಸಂಸಾರ ನಡೆಸುವ ಹುಡುಗನೊಬ್ಬ ಇದ್ದಾನೆ, ಕನ್ನಡ ಶಾಲೆಯಲ್ಲಿ ಓದಿದವನು, ಅವನ ಪುಸ್ತಕ ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಕೂಲಂಟಿನ ಪುಟ ಅವನಿಗೆ ಓದಿ ಹೇಳಿದಾಗ, ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ ಅಣ್ಣಾ ಅಂದ. ಲಕ್ಷಗಟ್ಟಲೆ ದುಡ್ಡು ಕೊಟ್ಟು ಕಾರು ಕೊಳ್ಳುವವನಿಗೆ ಅವನ ಭಾಷೆಯಲ್ಲಿ ಒಂದು ಪುಸ್ತಕ ಕೊಡಲು ಏನು ಕಷ್ಟ?

ಹಾಗಾಗಿ ನಿಮ್ಮಲ್ಲಿ ಕೇಳುವುದಿಷ್ಟು. ಕಾರು ಕಂಪನಿಗಳು ಕನ್ನಡದಲ್ಲಿ ಪುಸ್ತಕ ಕೊಡಬೇಕು ಎಂದು ನಿಮ್ಮ ಪತ್ರಿಕೆ ಗಟ್ಟಿಯಾಗಿ ಬರೆಯಲಿ. ಅದು ಬರುವ ತನಕ ವಾರಕ್ಕೊಮ್ಮೆ ಒಂದು ಸಣ್ಣ ಅಂಕಣ ಕೊಡಿ, ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ನೀರಿಗೆ ತಕ್ಕ ಹಾಗೆ ಗಾಡಿ ನೋಡಿಕೊಳ್ಳುವುದು ಹೇಗೆ ಎಂದು ಅನುಭವಿ ಮಿಸ್ತ್ರಿಗಳನ್ನೇ ಮಾತಾಡಿಸಿ. ನಾನು ಮಾಡಿಕೊಂಡ ಟಿಪ್ಪಣಿಗಳು ಒಂದು ನೋಟ್‌ಬುಕ್ ತುಂಬ ಇವೆ, ಬೇಕೆಂದರೆ ನಿಮ್ಮ ಕಚೇರಿಗೆ ತಂದುಕೊಡುತ್ತೇನೆ. ಕಾರು ಕೊಂಡ ಶೋರೂಮಿಗೂ ಹೋಗಿ ಕನ್ನಡ ಪುಸ್ತಕ ಬೇಕು ಎಂದು ಅರ್ಜಿ ಬರೆದುಕೊಟ್ಟು ಬಂದಿದ್ದೇನೆ. ಹೊಸ ಕಾರು ಬುಕ್ ಮಾಡುವವರು ದುಡ್ಡು ಕಟ್ಟುವ ಮೊದಲು ಇದನ್ನು ಕೇಳಿ.

ಇಂತಿ ನಿಮ್ಮ ಓದುಗ,
ಜಲನಗರ, ವಿಜಯಪುರ