ನೀರಿಳಿಯುವ ಹೊತ್ತಿಗೆ ಬಾ

ಪ್ರೀತಿಯ ಗೆಳೆಯಾ,

ನಿನ್ನ ಪಟ್ಟಿ ತಲುಪಿತು. ಮೂರು ದಿನ, ಹನ್ನೊಂದು ಬೀಚು, ಎರಡು ಕೋಟೆ, ಮುರ್ಡೇಶ್ವರ, ಗೋಕರ್ಣ, ಕೊನೆಗೆ ಕಾರವಾರ. ಓದಿ ಖುಷಿಯೂ ಆಯ್ತು, ಸಂಕಟವೂ ಆಯ್ತು. ಇಷ್ಟು ವರ್ಷ ಕರೆದ ಮೇಲೆ ಕೊನೆಗೂ ನಮ್ಮೂರಿಗೆ ಬರುತ್ತಿದ್ದೀಯಲ್ಲ ಎಂದು ಖುಷಿ. ಆದರೆ ಈ ಪಟ್ಟಿ ಹಿಡಿದು ಹೊರಟರೆ ನೀನು ನೋಡುವುದು ಹೆದ್ದಾರಿಯನ್ನು ಮಾತ್ರ ಮಾರಾಯಾ.

ಇದು ನನಗೇ ಆದದ್ದು. ಕೆಲವು ವರ್ಷದ ಹಿಂದೆ ಆಫೀಸಿನ ಗೆಳೆಯರನ್ನು ಕರೆದುಕೊಂಡು ಬಂದಿದ್ದೆ. ಒಂದೇ ದಿನದಲ್ಲಿ ಐದು ಬೀಚು ಸುತ್ತಿಸಿದೆ. ರಾತ್ರಿ ಮನೆಗೆ ಬಂದಾಗ ಅಮ್ಮ, "ಏನೇನು ನೋಡಿದ್ರಿ?" ಎಂದು ಕೇಳಿದಳು. ಎಲ್ಲರೂ ಫೋನ್ ತೆಗೆದು ತೋರಿಸಿದರು. ಅಮ್ಮ ಒಂದು ಫೋಟೋವನ್ನು ಹತ್ತಿರ ಹಿಡಿದು ನೋಡಿ, "ಆಗ ನೀರು ಏರ್ತಿತ್ತಾ, ಇಳೀತಿತ್ತಾ?" ಎಂದಳು. ಯಾರಿಗೂ ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿ ಬೆಳೆದ ನನಗೂ ಗೊತ್ತಿರಲಿಲ್ಲ. ಆ ರಾತ್ರಿ ತುಂಬಾ ಹೊತ್ತು ನಿದ್ದೆ ಬರಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಪಟ್ಟಿ ಮನೆಯಲ್ಲೇ ಬಿಟ್ಟು ಬಾ. ಕುಮಟಾದಲ್ಲಿ ಇಳಿ. ಮೂರು ದಿನವೂ ಅಘನಾಶಿನಿ ಹೊಳೆಯ ಆಚೆ ಈಚೆ ಮಾತ್ರ ಓಡಾಡೋಣ. ಹೊತ್ತನ್ನು ನೀರು ನೋಡಿ ಲೆಕ್ಕ ಹಾಕೋಣ.

ನಮ್ಮ ಕಡೆ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತಾ ಇರುತ್ತದೆ. ಅಮಾವಾಸ್ಯೆ ಹುಣ್ಣಿಮೆಗೆ ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ದೋಣಿ ಯಾವಾಗ ಹೊರಡಬೇಕು, ಬಲೆ ಯಾವಾಗ ಬಿಡಬೇಕು, ಹೊಳೆಯ ದಂಡೆಯ ಹೆಂಗಸರು ಅಡುಗೆಯನ್ನು ಬೇಗ ಮುಗಿಸಬೇಕೋ ತಡವಾದರೂ ಆಗುತ್ತದೋ, ಎಲ್ಲ ಇದರ ಮೇಲೆ ನಿಂತಿದೆ. ಬಂದ ಕೂಡಲೇ ದೋಣಿಯವರನ್ನೋ ಮೀನು ಮಾರುವವರನ್ನೋ "ಇವತ್ತು ಇಳಿತ ಎಷ್ಟು ಹೊತ್ತಿಗೆ?" ಎಂದು ಕೇಳು. ಅಷ್ಟು ಕೇಳಿದರೆ ಸಾಕು, ಅವರು ನಿನ್ನ ಹತ್ತಿರ ಮಾತಾಡುವ ರೀತಿಯೇ ಬದಲಾಗುತ್ತದೆ.

ಅಘನಾಶಿನಿ ಶಿರಸಿಯ ಶಂಕರಹೊಂಡದಲ್ಲಿ ಹುಟ್ಟುತ್ತಾಳೆ. ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಘಟ್ಟ ಇಳಿದು ತದಡಿಯ ಹತ್ತಿರ ಸಮುದ್ರ ಸೇರುತ್ತಾಳೆ. ದಾರಿಯಲ್ಲಿ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ. ಘಟ್ಟದ ಸಿಹಿನೀರು ತಡೆಯಿಲ್ಲದೆ ಅಳಿವೆಯವರೆಗೆ ಬರುತ್ತದೆ, ಸಮುದ್ರದ ಉಪ್ಪುನೀರು ಒಳಗೆ ಬರುತ್ತದೆ, ಎರಡೂ ಬೆರೆಯುವ ಜಾಗದಲ್ಲಿ ನಮ್ಮವರ ಅನ್ನ ಹುಟ್ಟುತ್ತದೆ. 2024ರಲ್ಲಿ ಈ ಅಳಿವೆಗೆ ರಾಮ್ಸಾರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಜೌಗುಪ್ರದೇಶ ಎಂಬ ಮನ್ನಣೆ, ಸಿಕ್ಕಿತು. ಹಿಂದೆ ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ತರುವ ಮಾತು ಬಂದಿತ್ತು, ಜನ ಎದ್ದು ನಿಂತರು. ಅವತ್ತು ಅವರು ಸುಮ್ಮನಿದ್ದಿದ್ದರೆ ನಾನು ಇವತ್ತು ನಿನ್ನನ್ನು ಏನು ನೋಡಲು ಕರೆಯಬೇಕಿತ್ತು ಹೇಳು.

ಇಳಿತದ ಹೊತ್ತಿಗೆ ಹೊಳೆಯ ನಡುವೆ ಕೆಸರಿನ ದಿಬ್ಬಗಳು ಏಳುತ್ತವೆ. ಸ್ವಲ್ಪ ಮೊದಲು ದೋಣಿ ಹೋಗುತ್ತಿದ್ದ ಜಾಗದಲ್ಲಿ ಜನ ನಡೆಯುತ್ತಿರುತ್ತಾರೆ. ಅವರು ಬಳಚು ತೆಗೆಯಲು ಬಂದವರು. ಬಳಚು ಅಂದರೆ ಚಿಪ್ಪಿಕಲ್ಲು. ಸೊಂಟದ ಮಟ್ಟದ ನೀರಿನಲ್ಲಿ ನಿಂತು ಕಾಲಿನಿಂದಲೇ ತಡಕಿ ಗುರುತು ಹಿಡಿದು, ಮುಳುಗಿ ಕೈಯಿಂದ ತೆಗೆಯುತ್ತಾರೆ. ನಾನು ಸಣ್ಣವನಿದ್ದಾಗ ಅಜ್ಜಿಯ ಜೊತೆ ಹೋಗುತ್ತಿದ್ದೆ. ನನ್ನ ಕಾಲಿಗೆ ಕಲ್ಲೂ ಒಂದೇ, ಬಳಚೂ ಒಂದೇ. ಅಜ್ಜಿ ಮಾತ್ರ ನನ್ನ ಜೊತೆ ಮಾತಾಡುತ್ತಲೇ ಬುಟ್ಟಿ ತುಂಬಿಸುತ್ತಿದ್ದಳು. ಸಣ್ಣವು ಸಿಕ್ಕರೆ ಅಲ್ಲೇ ಬಿಡುತ್ತಿದ್ದಳು. ನೀರು ತಿರುಗುವ ಹೊತ್ತು ಅವಳ ಮೊಣಕಾಲಿಗೆ ಗೊತ್ತಾಗುತ್ತಿತ್ತು. "ನಡಿ, ತಿರುಗ್ತು" ಎನ್ನುತ್ತಿದ್ದಳು. ನಾನು ನೋಡಿದರೆ ನೀರು ಹಾಗೇ ನಿಂತಂತೆ ಕಾಣುತ್ತಿತ್ತು. ಅರ್ಧ ಗಂಟೆಯಲ್ಲಿ ನಾವು ನಿಂತಿದ್ದ ದಿಬ್ಬ ಕಾಣೆಯಾಗುತ್ತಿತ್ತು. ಇವತ್ತು ಅಜ್ಜಿ ಇಲ್ಲ. ದಂಡೆಯಲ್ಲಿ ನಿಂತಾಗ ಆ "ತಿರುಗ್ತು" ಇನ್ನೂ ಕಿವಿಯಲ್ಲಿದೆ. ನಿನ್ನನ್ನು ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ.

ಆಮೇಲೆ ಮಾಣಿಕಟ್ಟಾ ಕಡೆಯ ಗಜನಿ ಗದ್ದೆ. ಹೊಳೆಗೆ ಅಂಟಿಕೊಂಡೇ ಇರುವ ಗದ್ದೆಗಳು ಇವು. ಸುತ್ತ ಕಟ್ಟೆ, ಕಟ್ಟೆಯಲ್ಲಿ ನೀರು ಬಿಡುವ ಮರದ ಬಾಗಿಲು. ಮಳೆಗಾಲದಲ್ಲಿ ಹೊಳೆ ಸಿಹಿಯಾದಾಗ ಇಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಈ ಭತ್ತ ಉಪ್ಪನ್ನೂ ತಡೆದುಕೊಳ್ಳುತ್ತದೆ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಬದುಕುತ್ತದೆ. ಗೊಬ್ಬರ, ಔಷಧಿ ಏನೂ ಬೇಡ, ಹೊಳೆ ತಂದ ಮಣ್ಣೇ ಸಾಕು. ಕೊಯ್ಲು ಮುಗಿದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಡುತ್ತಾರೆ. ಅದರ ಜೊತೆ ಮೀನು, ಶೆಟ್ಲಿ (ಸೀಗಡಿ) ಮರಿಗಳು ಒಳಗೆ ಬಂದು ಭತ್ತದ ಕೂಳೆಯ ನಡುವೆ ಬೆಳೆಯುತ್ತವೆ. ಒಂದೇ ಗದ್ದೆಯಲ್ಲಿ ಅನ್ನವೂ ಸಾರೂ! ನೀನು ಡಿಸೆಂಬರಿನಲ್ಲಿ ಬರುವಾಗ ಕೊಯ್ಲು ಮುಗಿದಿರುತ್ತದೆ, ಗದ್ದೆ ತುಂಬಾ ನೀರು ನಿಂತಿರುತ್ತದೆ, ಬೆಳ್ಳಕ್ಕಿಗಳು ಕೂತಿರುತ್ತವೆ. ಕಗ್ಗದ ಕೆಂಪು ಕುಚ್ಚಲಕ್ಕಿಯ ಗಂಜಿ ಮನೆಯಲ್ಲಿ ಸಿಗುತ್ತದೆ. ಈಗ ಕಗ್ಗ ಬೆಳೆಯುವವರು ಕಡಿಮೆ. ಕಟ್ಟೆ ಒಡೆದರೆ ಒಬ್ಬರ ಗದ್ದೆ ಮಾತ್ರ ಹೋಗುವುದಿಲ್ಲ, ಎಲ್ಲರದ್ದೂ ಹೋಗುತ್ತದೆ. ಹಾಗಾಗಿ ಊರೇ ಸೇರಿ ಕಾಯಬೇಕು. ಊರಿನ ಹುಡುಗರೆಲ್ಲ ನನ್ನ ಹಾಗೆ ಬೆಂಗಳೂರು ಸೇರಿದರೆ ಕಟ್ಟೆ ಕಾಯುವವರು ಯಾರು? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮಿರ್ಜಾನ್ ಕೋಟೆ ನಿನ್ನ ಪಟ್ಟಿಯಲ್ಲಿತ್ತಲ್ಲ, ಅದು ಇರಲಿ. ಹೊಳೆ ನೋಡಿದ ಮೇಲೆ ಕೋಟೆಗೆ ಹೋಗೋಣ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರಂತಲ್ಲ, ಆ ಮೆಣಸು ಘಟ್ಟದಿಂದ ಇಳಿದು ಸಮುದ್ರಕ್ಕೆ ಹೋಗಲು ಹೊಳೆಯೇ ದಾರಿ. ಕೋಟೆ ಯಾಕೆ ಅಲ್ಲೇ ಇದೆ ಎಂದು ಆಗ ಯಾರೂ ಹೇಳಿಕೊಡಬೇಕಾಗಿಲ್ಲ.

ಗೋಕರ್ಣಕ್ಕೂ ಹೋಗೋಣ, ಆದರೆ ಕಾರಿನಲ್ಲಿ ಬೇಡ. ಅಘನಾಶಿನಿ ಊರಿನವರೆಗೆ ಬಸ್ಸು, ಅಲ್ಲಿಂದ ದೋಣಿಯಲ್ಲಿ ತದಡಿ. ದೋಣಿಯಲ್ಲಿ ಮೀನಿನ ಬುಟ್ಟಿ, ಶಾಲೆಯ ಮಕ್ಕಳು, ಸಂತೆಯ ಚೀಲ ಎಲ್ಲ ಒಟ್ಟಿಗೆ. ಆ ಕಡೆ ಸಾಣಿಕಟ್ಟಾದಲ್ಲಿ ಉಪ್ಪಿನ ಅಗರಗಳಿವೆ, ಬೇಸಿಗೆಯಲ್ಲಿ ಬಂದಿದ್ದರೆ ಬಿಳಿ ರಾಶಿಗಳನ್ನು ನೋಡಬಹುದಿತ್ತು. ಗೋಕರ್ಣದ ರಥಬೀದಿಯಲ್ಲಿ ಹಾಲಕ್ಕಿ ಒಕ್ಕಲಿಗ ಸಮುದಾಯದ ಹೆಂಗಸರು ತಾವೇ ಬೆಳೆದ ಸೊಪ್ಪು, ತರಕಾರಿ ಇಟ್ಟುಕೊಂಡು ಕೂತಿರುತ್ತಾರೆ. ಕೊರಳ ತುಂಬಾ ಮಣಿಸರ. ದಯವಿಟ್ಟು ಕೇಳದೆ ಫೋಟೋ ತೆಗೆಯಬೇಡ. ಎರಡು ಕಟ್ಟು ಹರಿವೆ ತಗೋ, "ಯಾವ ಊರು ಅಮ್ಮಾ?" ಎಂದು ಮಾತಾಡಿಸು. ನೂರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದ ಅಂಕೋಲೆಯ ಸುಕ್ರಿ ಬೊಮ್ಮಗೌಡ ಇದೇ ಸಮುದಾಯದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಪ್ರಶಸ್ತಿ ಬರುವ ಮೊದಲೂ ಆ ಹಾಡುಗಳು ಇದ್ದವು, ಗದ್ದೆಯಲ್ಲಿ, ಮದುವೆಯಲ್ಲಿ. ಕೇಳುವವರು ಕಡಿಮೆಯಿದ್ದರು ಅಷ್ಟೇ.

ಊಟದ ವಿಷಯ. ಮೀನು ನಾವೇ ಪೇಟೆಯಿಂದ ತರೋಣ. ಬಂಗಡೆ ಎಣಿಸಿ ಕೊಡುತ್ತಾರೆ, ನೂರು ರೂಪಾಯಿಗೆ ಇಷ್ಟು ಎಂದು. ಕಿವಿರು ಎತ್ತಿ ನೋಡು, ಕೆಂಪಗಿರಬೇಕು. ದೊಡ್ಡ ಇಸ್ವಾಣ ಮೀನೇ ಬೇಕೆಂದು ಹಟ ಮಾಡಬೇಡ, ಅವತ್ತು ಯಾವುದು ಚೆನ್ನಾಗಿ ಬಂದಿದೆಯೋ ಅದನ್ನು ತಗೊಳ್ಳುವುದು ಇಲ್ಲಿಯ ಕ್ರಮ. ಅಮ್ಮ ಜುಮ್ಮನಕಾಯಿ ಎಂಬ ಮಸಾಲೆಕಾಯಿ ಹಾಕಿ ಬಂಗಡೆ ಸಾರು ಮಾಡುತ್ತಾಳೆ. ಆ ಘಮ ನಿನಗೆ ಯಾವ ಹೋಟೆಲಿನಲ್ಲೂ ಸಿಕ್ಕಿರಲಿಕ್ಕಿಲ್ಲ. ಮೀನು ಬೇಡವಾದ ದಿನ ತಂಬುಳಿ, ಬಸಳೆ ಹುಳಿ. ಜೂನ್, ಜುಲೈನಲ್ಲಿ ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ, ಆಗ ಮನೆಯಲ್ಲಿ ಒಣಮೀನು, ಉಪ್ಪಿನಲ್ಲಿಟ್ಟ ಮಾವಿನಕಾಯಿ. ಒಮ್ಮೆ ಆ ಮಳೆಯಲ್ಲೂ ಬರಬೇಕು ನೀನು. ಮೇ ತಿಂಗಳಾದರೆ ಅಂಕೋಲೆಯ ಕರಿ ಈಶಾಡು ಮಾವು, ಹೆದ್ದಾರಿ ಬದಿಯಲ್ಲಿ ಜಡೆ ಹೆಣೆದು ತೂಗುಹಾಕಿದ ಕುಮಟಾದ ಸಿಹಿ ಈರುಳ್ಳಿ.

ಯಾರ ಮನೆಗೆ ಹೋದರೂ ಮೊದಲು "ಆಸರಿಗೆ ಏನು ಬೇಕು?" ಎಂದು ಕೇಳುತ್ತಾರೆ. ಬಾಯಾರಿಕೆಗೆ ಕುಡಿಯಲು ಏನು ಕೊಡಲಿ ಎಂದು ಅರ್ಥ. ಬೇಡ ಎನ್ನಬೇಡ, ಬೇಜಾರು ಮಾಡಿಕೊಳ್ಳುತ್ತಾರೆ. ಮುರುಗಲ (ಕೋಕಂ) ಪಾನಕ ಇದ್ದರೆ ಅದನ್ನೇ ಕೇಳು. ಊಟ ಇಷ್ಟವಾದರೆ "ರಾಶಿ ಚಲೋ ಆಯ್ತು" ಅನ್ನು. ನಮ್ಮಲ್ಲಿ ರಾಶಿ ಅಂದರೆ ತುಂಬಾ.

ಒಂದು ರಾತ್ರಿ ಆಟಕ್ಕೆ ಇಟ್ಟುಕೋ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳ ತಿರುಗಾಟ ಶುರುವಾಗಿರುತ್ತದೆ. ಎಲ್ಲಿದೆ ಎಂದು ಆಟೋ ಸ್ಟ್ಯಾಂಡಿನಲ್ಲಿ ಕೇಳಿದರೆ ಹೇಳುತ್ತಾರೆ. ಪಕ್ಕದ ಹೊನ್ನಾವರ ತಾಲೂಕಿನ ಗುಣವಂತೆಯ ಕೆರೆಮನೆ ಮೇಳ 1934ರಿಂದ ಇದೆ, ಒಂದೇ ಮನೆತನದವರು ನಡೆಸಿಕೊಂಡು ಬಂದಿದ್ದಾರೆ. ಕಥೆ ಪೂರ್ತಿ ಅರ್ಥವಾಗದಿದ್ದರೂ ಚಿಂತೆ ಇಲ್ಲ. ಗದ್ದೆಯ ಚಳಿಯಲ್ಲಿ ಕಂಬಳಿ ಹೊದ್ದು ಕೂತಿರುವಾಗ ಚಂಡೆ ಏರಿದರೆ ಮೈ ಜುಮ್ಮೆನ್ನುತ್ತದೆ, ಪಕ್ಕದಲ್ಲಿ ಕೂತ ಅಜ್ಜನೇ ನಿನಗೆ ಮುಂದಿನ ಕಥೆ ಹೇಳುತ್ತಾನೆ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಗೊತ್ತಿಲ್ಲದ ಕಡೆ ನೀರಿಗಿಳಿಯಬೇಡ. ಬಂಡೆಯ ಮೇಲೆ ನಿಂತು ಅಲೆಗೆ ಬೆನ್ನು ಹಾಕಿ ಫೋಟೋ ಬೇಡವೇ ಬೇಡ. ದಂಡೆಯವರು "ಇಲ್ಲಿ ಬೇಡ" ಎಂದರೆ ಯಾಕೆ ಎಂದು ಆಮೇಲೆ ಕೇಳು, ಮೊದಲು ಹಿಂದೆ ಬಾ. ಹೊರಗಿನಿಂದ ಬಂದ ಮಕ್ಕಳ ಹೆಣವನ್ನು ನಮ್ಮೂರ ಮೀನುಗಾರರು ಎಷ್ಟು ಸಲ ಎತ್ತಿ ತಂದಿದ್ದಾರೆ ಗೊತ್ತಾ. ಅವತ್ತು ಅವರ ಮನೆಯಲ್ಲೂ ಊಟ ಸೇರುವುದಿಲ್ಲ.

ಪಂಚಗಂಗಾ ರೈಲಿಗೇ ಟಿಕೆಟ್ ಮಾಡು. ಸಂಜೆ ಬೆಂಗಳೂರು ಬಿಟ್ಟರೆ ಬೆಳಿಗ್ಗೆ ಕುಮಟಾ. ಹೊನ್ನಾವರಕ್ಕೆ ಸ್ವಲ್ಪ ಮೊದಲು ಎದ್ದಿರು, ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಜಾಸ್ತಿ ಉದ್ದ. ಕತ್ತಲಿದ್ದರೂ ರೈಲಿನ ಸದ್ದು ಬದಲಾಗುತ್ತದೆ, ಕಿಟಕಿಯಿಂದ ಉಪ್ಪುಗಾಳಿ ಬರುತ್ತದೆ. ಆಗ ಫೋನ್ ಮಾಡು, ನಾನು ಸ್ಟೇಷನ್ನಿಗೆ ಹೊರಡುತ್ತೇನೆ. ಹಳೆಯ ಚಡ್ಡಿ ಒಂದು ಹಾಕಿಕೊಂಡು ಬಾ, ಕೆಸರಿಗೆ ಇಳಿಯುವುದಿದೆ. ಆ ವಾರದ ಇಳಿತ ಎಷ್ಟು ಹೊತ್ತಿಗೆ ಎಂದು ಈಗಲೇ ದೋಣಿಯವರನ್ನು ಕೇಳಿ ಇಟ್ಟುಕೊಳ್ಳುತ್ತೇನೆ. ಬನ್ಸಿಗೆ ಬಾಳೆಹಣ್ಣು ಹಣ್ಣಾಗಲು ಬಿಡಬೇಕು, ಯಾವ ದಿನ ಬರುತ್ತೀಯಾ ಎಂದು ಅಮ್ಮ ಕೇಳುತ್ತಿದ್ದಾಳೆ.

ನಿನ್ನ,
ಕುಮಟಾದ ಗೆಳೆಯ