ಇಂಡೊನೇಷ್ಯಾಕ್ಕೆ ಕೋಟು ಬೇಡ, ಬಾಟಿಕ್ ಬಗ್ಗೆ ತಿಳಿವಳಿಕೆ ಬೇಕು

ಮಾನ್ಯ ಸಂಪಾದಕರೇ,

ಆಗ್ನೇಯ ಏಷ್ಯಾದ ದೇಶಗಳಿಗೆ ಉದ್ಯೋಗಕ್ಕೆಂದು ಹೋಗುವವರು ಯಾವ ಬಟ್ಟೆಬರೆ ಒಯ್ಯಬೇಕೆಂಬ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ಸಮಾರಂಭಗಳಿಗೆ ಕೋಟು, ಟೈ ಇರಲೇಬೇಕೆಂಬ ಅದರ ಸಲಹೆ ಇಂಡೊನೇಷ್ಯಾದ ಮಟ್ಟಿಗೆ ಸರಿಯಲ್ಲವೆಂದು ಜಕಾರ್ತದಲ್ಲಿ ಬಹುಕಾಲದಿಂದ ನೆಲೆಸಿರುವ ನಾನು ತಿಳಿಸಬಯಸುತ್ತೇನೆ.

ಇಲ್ಲಿ ಮದುವೆಯಿರಲಿ, ಸರ್ಕಾರಿ ಸಮಾರಂಭವಿರಲಿ, ಔತಣಕೂಟವಿರಲಿ, ಗಂಡಸರು ಮೇಣ ಮತ್ತು ಬಣ್ಣದಿಂದ ವಿನ್ಯಾಸ ಮೂಡಿಸಿದ ತುಂಬುತೋಳಿನ ಬಾಟಿಕ್ ಅಂಗಿಯನ್ನು ಪ್ಯಾಂಟಿನ ಮೇಲೆ ಇಳಿಬಿಟ್ಟು ತೊಟ್ಟರೆ ಅದೇ ಗೌರವದ ಉಡುಪು. ಜಕಾರ್ತದ ಗವರ್ನರ್ ಆಗಿದ್ದ ಅಲಿ ಸಾದಿಕಿನ್ 1970ರ ದಶಕದಲ್ಲಿ ಇದಕ್ಕೆ ಅಧಿಕೃತ ಉಡುಪಿನ ಸ್ಥಾನ ಕೊಟ್ಟರು. 2009ರ ಅಕ್ಟೋಬರ್ 2ರಂದು ಬಾಟಿಕ್‌ಗೆ ಯುನೆಸ್ಕೊ ಮಾನ್ಯತೆ ದೊರೆತ ಮೇಲೆ ಆ ದಿನವನ್ನು ರಾಷ್ಟ್ರೀಯ ಬಾಟಿಕ್ ದಿನವಾಗಿ ಆಚರಿಸಲಾಗುತ್ತಿದೆ. ಶುಕ್ರವಾರ ಕಚೇರಿಗಳಲ್ಲಿ ಮೇಲಧಿಕಾರಿಯಿಂದ ಹಿಡಿದು ಬಾಗಿಲು ಕಾಯುವವರವರೆಗೆ ಬಾಟಿಕ್ ತೊಟ್ಟವರೇ ಕಾಣುತ್ತಾರೆ. ನಮ್ಮ ಲುಂಗಿಯಂತೆ ಸೊಂಟಕ್ಕೆ ಸುತ್ತಿಕೊಳ್ಳುವ ಸರೋಂಗ್‌ಗೂ ಇಲ್ಲಿ ಇಂಥದೇ ಮನ್ನಣೆಯಿದೆ. 2019ರಲ್ಲಿ ಉಪಾಧ್ಯಕ್ಷರಾಗಿ ಅಧಿಕಾರ ವಹಿಸಿಕೊಂಡ ಮಾರುಫ್ ಅಮೀನ್ ಪ್ರಮಾಣವಚನ ಸ್ವೀಕರಿಸಿದ್ದು ಸರೋಂಗ್ ಉಟ್ಟೇ. 2024ರಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಬಾಗಿಲಲ್ಲೇ ತಡೆದ ಸುದ್ದಿಯನ್ನು ಇಲ್ಲಿ ಕುಳಿತು ಓದಿದಾಗ ನನಗಾದ ನೋವು ಸಣ್ಣದಲ್ಲ.

ಆದರೆ ಬಾಟಿಕ್ ಕೊಂಡುಬಿಟ್ಟರೆ ಸಾಲದು. ಅದರ ಮೇಲಿನ ವಿನ್ಯಾಸಗಳನ್ನು, ವಿಶೇಷವಾಗಿ ಜಾವಾ ದ್ವೀಪದ ಜನ, ಬರಿಯ ಅಲಂಕಾರವೆಂದು ಎಣಿಸುವುದಿಲ್ಲ. ಓರೆಯಾಗಿ ಸಾಲುಗಟ್ಟಿ ಇಳಿಯುವ 'ಪರಾಂಗ್' ವಿನ್ಯಾಸದ ಕೆಲವು ಬಗೆಗಳು ಯೋಗ್ಯಕರ್ತದ ಅರಮನೆಯಲ್ಲಿ ರಾಜಮನೆತನಕ್ಕಷ್ಟೇ ಮೀಸಲಾಗಿದ್ದವು. ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2022ರ ಡಿಸೆಂಬರ್‌ನಲ್ಲಿ ಆಗಿನ ಅಧ್ಯಕ್ಷ ಜೋಕೊ ವಿಡೊಡೊ ಅವರ ಕಿರಿಯ ಮಗನ ಮದುವೆಯ ಸಮಾರಂಭ ಸೋಲೊ ನಗರದ ಮಂಗ್ಕುನೆಗರನ್ ಅರಮನೆಯಲ್ಲಿ ನಡೆದಾಗ, ಪರಾಂಗ್ ತೊಟ್ಟು ಬರಬಾರದೆಂದು ಅತಿಥಿಗಳಿಗೆ ಮುಂಚಿತವಾಗಿಯೇ ತಿಳಿಸಲಾಗಿತ್ತು. ಮದುವೆಗೆ ಪರಾಂಗ್ ತೊಟ್ಟರೆ ವಧೂವರರ ನಡುವೆ ಕಲಹ ಬರುತ್ತದೆಂಬ ನಂಬಿಕೆಯೂ ಹಲವರಲ್ಲಿದೆ. ನಕ್ಷತ್ರಗಳನ್ನು ಚೆಲ್ಲಿದಂತೆ ಕಾಣುವ 'ತ್ರುಂತುಮ್' ಮದುಮಕ್ಕಳ ತಂದೆತಾಯಿಯರು ಉಡುವಂಥದ್ದು. ಮದುಮಕ್ಕಳಿಗೆ 'ಸಿದೊ ಮುಕ್ತಿ', 'ಸಿದೊ ಲುಹುರ್' ಮೊದಲಾದವು ಸಲ್ಲುತ್ತವೆ. ಅತಿಥಿಯಾಗಿ ಹೋಗುವ ನಮ್ಮವರು ಅಂಗಡಿಯಲ್ಲಿ ಚೆಂದ ಕಂಡ ಪರಾಂಗನ್ನೇ ಮದುವೆಗೆ ತೊಟ್ಟು ಹೋದಾಗ ಮನೆಯವರು ಸೌಜನ್ಯದಿಂದ ಏನೂ ಹೇಳುವುದಿಲ್ಲವಾದರೂ ಹಿರಿಯರ ಮನಸ್ಸಿಗೆ ಅದು ಹಿಡಿಸದೆ ಇರಬಹುದು. ಚಿರೆಬೋನ್‌ನ ಮೋಡದ ವಿನ್ಯಾಸ 'ಮೆಗಾ ಮೆಂದುಂಗ್' ಅಥವಾ ಪೆಕಲೋಂಗನ್ ಕಡೆಯ ಹೂಬಳ್ಳಿಗಳ ಗಾಢ ಬಣ್ಣದ ಬಟ್ಟೆ ಆರಿಸಿಕೊಂಡರೆ ಈ ಆತಂಕವಿಲ್ಲ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಾಟಿಕ್ ಎಂಬುದು ಬಟ್ಟೆಯ ಹೆಸರಲ್ಲ, ಕೆಲಸದ ಹೆಸರು. ಕಾಯಿಸಿದ ಮೇಣವನ್ನು ತಾಮ್ರದ ಪುಟ್ಟ ಮೂತಿಯ 'ಚಾಂತಿಂಗ್' ಎಂಬ ಸಾಧನದಿಂದ ಗೆರೆಗೆರೆಯಾಗಿ ಬಟ್ಟೆಯ ಮೇಲೆ ಬರೆದು, ಬಣ್ಣದಲ್ಲಿ ಅದ್ದಿ, ಮತ್ತೆ ಮೇಣ ಬರೆದು, ಮತ್ತೆ ಅದ್ದಿ, ಕೊನೆಗೆ ಕುದಿನೀರಿನಲ್ಲಿ ಮೇಣವನ್ನು ಬಿಡಿಸುವ ಈ ಕೆಲಸಕ್ಕೆ ಒಂದು ಬಟ್ಟೆಗೆ ತಿಂಗಳುಗಳೇ ಹಿಡಿಯುವುದುಂಟು. ತಾಮ್ರದ ಅಚ್ಚಿನಿಂದ ಮೇಣ ಒತ್ತುವುದು ಬೇಗ ಮುಗಿಯುತ್ತದೆ, ಅದೂ ಬಾಟಿಕ್ಕೇ. ಆದರೆ ಯಂತ್ರದಲ್ಲಿ ವಿನ್ಯಾಸವನ್ನಷ್ಟೇ ಮುದ್ರಿಸಿದ ಬಟ್ಟೆಗೆ ಮೇಣದ ಸೋಂಕೇ ಇಲ್ಲ. ಊರಿಗೆ ಮರಳುವಾಗ ನಮ್ಮವರು ಬಂಧುಗಳಿಗೆಂದು ರಾಶಿ ರಾಶಿ ಕೊಳ್ಳುವುದು ಬಹುಪಾಲು ಇದನ್ನೇ. ಬಟ್ಟೆಯನ್ನು ತಿರುಗಿಸಿ ನೋಡಿದರೆ ಸಾಕು: ಕೈಯಲ್ಲಿ ಬರೆದದ್ದರಲ್ಲಿ ಹಿಂಬದಿಯ ಬಣ್ಣವೂ ಮುಂಬದಿಯಷ್ಟೇ ಗಾಢವಾಗಿರುತ್ತದೆ, ಗೆರೆಗಳು ಒಂದರಂತೆ ಇನ್ನೊಂದಿರುವುದಿಲ್ಲ, ಮುದ್ರಿಸಿದ್ದರ ಹಿಂಬದಿ ಸಾಮಾನ್ಯವಾಗಿ ಮಂಕಾಗಿರುತ್ತದೆ. ಕೈಮಗ್ಗದ ಸೀರೆಯ ಹೆಸರಿನಲ್ಲಿ ಯಂತ್ರಮಗ್ಗದ ಸೀರೆ ಮಾರಾಟವಾದಾಗ ಇಳಕಲ್ಲಿನ ನೇಕಾರರಿಗಾಗುವ ನಷ್ಟವನ್ನು ಬಲ್ಲ ನಾವು ಇಲ್ಲಿ ಹತ್ತು ಅಂಗಿಯ ಬದಲು ಒಂದೇ ಅಂಗಿ ಕೊಂಡರೂ ಮೇಣದಲ್ಲಿ ಬರೆದದ್ದನ್ನೇ ಕೊಳ್ಳಬೇಕೆಂಬುದು ನನ್ನ ಕಳಕಳಿಯ ಮನವಿ. ಹಾಗೆ ಕೊಂಡದ್ದನ್ನು ಸೋಪಿನ ಪುಡಿಯಲ್ಲಿ ನೆನೆಸಬಾರದು. ಜಾವಾದ ಮನೆಗಳಲ್ಲಿ ಅದನ್ನು ಒಗೆಯುವುದು 'ಲೆರಾಕ್' ಎಂಬ ಕಾಯಿಯ ನೊರೆಯಲ್ಲಿ. ಅದು ನಮ್ಮ ಅಂಟುವಾಳದ ಜಾತಿಯದೇ ಆದ್ದರಿಂದ ಊರಿನಲ್ಲಿಯೂ ಅಂಟುವಾಳದ ನೀರಿನಲ್ಲಿ ಒಗೆದು ನೆರಳಿನಲ್ಲಿ ಒಣಗಿಸಬಹುದು.

ಹೆಂಗಸರಿಗೆ ರೇಷ್ಮೆ ಸೀರೆ ಎಲ್ಲ ಸಮಾರಂಭಕ್ಕೂ ಸಲ್ಲುತ್ತದೆ, ಅದನ್ನು ಇಲ್ಲಿಯವರು ಮೆಚ್ಚಿ ಮಾತನಾಡಿಸುತ್ತಾರೆ.

ಬಾಲಿಯ ದೇವಾಲಯಗಳ ರೂಢಿ ಬೇರೆ. ಅಲ್ಲಿ ಗಂಡಸರೂ ಹೆಂಗಸರೂ ಸರೋಂಗ್ ಉಟ್ಟು ಸೊಂಟಕ್ಕೆ ವಸ್ತ್ರ ಬಿಗಿಯಬೇಕು. ನಮ್ಮ ಹಲವು ದೇವಸ್ಥಾನಗಳಲ್ಲಿ ಗಂಡಸರು ಅಂಗಿ ತೆಗೆಯುವುದು ಕ್ರಮವಾದರೆ ಅಲ್ಲಿ ಭೇಟಿ ಕೊಡುವವರು ಭುಜ ಮುಚ್ಚಿಕೊಂಡಿರುವುದು ಕ್ರಮ. ಬೆಂಗಳೂರಿನಿಂದ ಬಾಲಿಗೆ ಗುಂಪು ಪ್ರವಾಸ ಏರ್ಪಡಿಸುವವರು ಇದನ್ನು ವಿಮಾನ ಹತ್ತುವ ಮೊದಲೇ ಪ್ರಯಾಣಿಕರಿಗೆ ತಿಳಿಸಬೇಕು, ತಮ್ಮ ಪತ್ರಿಕೆಯೂ ಮುಂದಿನ ಲೇಖನದಲ್ಲಿ ಇದನ್ನು ಸೇರಿಸಬೇಕು ಎಂದು ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಜಕಾರ್ತದ ಕನ್ನಡ ಓದುಗ